ಎರಡು ಸಿನಿಮಾ, ಐವತ್ತು ರೂಪಾಯಿ: ರಾಯಚೂರಿನ ಒಂದು ಭಾನುವಾರದ ಪ್ರದರ್ಶನ

ಸ್ಟೇಷನ್ ರೋಡಿನ ಕಡೆಯ ಈ ಸಣ್ಣ ಸಭಾಂಗಣದಲ್ಲಿ ಮಹಿಳಾ ನಿರ್ದೇಶಕರ ಸಿನಿಮಾ ತೋರಿಸುತ್ತಾರೆ. ಆಯ್ಕೆಗೆ ಪೂರ್ತಿ ಅಂಕ. ಪ್ರೇಮಾ ಕಾರಂತರ ‘ಫಣಿಯಮ್ಮ’ (1983), ಆಮೇಲೆ ರೂಪಾ ರಾವ್ ಅವರ ‘ಗಂಟುಮೂಟೆ’ (2019). ಜೋಡಿ ಬಹಳ ಚೆನ್ನಾಗಿ ಕೂಡಿದೆ. ಎಂ.ಕೆ. ಇಂದಿರಾ ಕಾದಂಬರಿಯ ಬಾಲವಿಧವೆಯನ್ನು ಪ್ರೇಮಾ ಕಾರಂತರು ಬರೀ ಕರುಣೆಯ ವಸ್ತು ಮಾಡುವುದಿಲ್ಲ. ತಲೆ ಬೋಳಿಸಿಕೊಳ್ಳಲು ಒಪ್ಪದ ಇನ್ನೊಬ್ಬ ಎಳೆಯ ವಿಧವೆಯ ಪರವಾಗಿ ಫಣಿಯಮ್ಮ ನಿಲ್ಲುವಾಗ, ಅವಳು ಇಷ್ಟು ವರ್ಷ ಮೌನವಾಗಿ ಎಲ್ಲವನ್ನೂ ತೂಗಿ ನೋಡಿದ್ದಾಳೆ ಅಂತ ಗೊತ್ತಾಗುತ್ತದೆ. ‘ಗಂಟುಮೂಟೆ’ಯಲ್ಲಿ ತೊಂಬತ್ತರ ದಶಕದ ಹೈಸ್ಕೂಲ್ ಹುಡುಗಿ ಮೀರಾ ತನ್ನ ಕಥೆ ತಾನೇ ಹೇಳುತ್ತಾಳೆ. ಇಲ್ಲಿ ಹುಡುಗನನ್ನು ಆಸೆಯಿಂದ ನೋಡುವ ಕಣ್ಣು ಹುಡುಗಿಯದು. ನಮ್ಮ ಸಿನಿಮಾಗಳಲ್ಲಿ ಇದು ಎಷ್ಟು ಅಪರೂಪ!

ಆದರೆ ಪ್ರದರ್ಶನದ ವ್ಯವಸ್ಥೆ ಸುಧಾರಿಸಬೇಕು. ಹಳೆ ಸಿನಿಮಾವನ್ನು ಈಗಿನ ಅಗಲ ಪರದೆಯ 16:9 ಅಳತೆಗೆ ಎಳೆದುಬಿಟ್ಟಿದ್ದಾರೆ, ಮುಖಗಳೆಲ್ಲ ಅಗಲ. ಪ್ರೊಜೆಕ್ಟರಿನ ಮೆನುವಿನಲ್ಲಿ ಆಸ್ಪೆಕ್ಟ್ ರೇಷಿಯೋವನ್ನು (ಚಿತ್ರದ ಅಗಲ-ಎತ್ತರದ ಅನುಪಾತ) 4:3 ಮಾಡಿದರೆ ಸರಿಹೋಗುತ್ತದೆ, ಅರ್ಧ ನಿಮಿಷದ ಕೆಲಸ. ಮಧ್ಯಾಹ್ನ 3ಕ್ಕೆ ಪಶ್ಚಿಮದ ಕಿಟಕಿಯಿಂದ ರಾಯಚೂರಿನ ಬಿಸಿಲು ನೇರ ಪರದೆಗೆ ಹೊಡೆದು, ಒಳಮನೆಯ ಕತ್ತಲ ದೃಶ್ಯಗಳು ಬೂದಿಬಣ್ಣವಾಗುತ್ತವೆ. ಎರಡು ಪದರ ಕಪ್ಪು ಬಟ್ಟೆ ಸಾಕು, ಇಲ್ಲವೇ 6.30ಕ್ಕೆ ಶುರು ಮಾಡಲಿ. ಸ್ಪೀಕರ್ ಎರಡೂ ಮುಂದೆಯೇ ಇವೆ. ಫ್ಯಾನಿನ ಸದ್ದಿನಲ್ಲಿ ಮೀರಾಳ ಮಾತು ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಹೋಗುವವರು ಮೂರನೇ ಸಾಲಿನೊಳಗೆ ಕೂತುಕೊಳ್ಳಿ.