ಮಾಯವಾದ ಪಾವತಿ ಗುಂಡಿ: ಲಿಂಟ್ ನಿಯಮ ಹಂಚಿಕೊಳ್ಳುವವರಿಗೆ ಎಚ್ಚರಿಕೆ

ಬುಕಿಂಗ್ ಪುಟದಲ್ಲಿ "ಮುಂಗಡ ಪಾವತಿಸಿ" ಎಂಬ ಗುಂಡಿಯೇ ಇಲ್ಲವೆಂದು ಕಲ್ಯಾಣ ಮಂಟಪದ ಯಜಮಾನರು ಫೋನ್ ಮಾಡಿದಾಗ ನಾನು ನಂಬಲಿಲ್ಲ. "ಬ್ರೌಸರ್ ಒಮ್ಮೆ ಮುಚ್ಚಿ ತೆರೆಯಿರಿ ಸರ್" ಎಂದೆ. "ಮೂರು ಮೊಬೈಲ್‌ಗಳಲ್ಲಿ ನೋಡಿಯಾಯಿತು. ಬೆಳಿಗ್ಗೆಯಿಂದ ಒಂದೂ ಬುಕಿಂಗ್ ಬಂದಿಲ್ಲ, ಮದುವೆಯ ಸೀಸನ್ ಬೇರೆ" ಎಂದರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಗುಂಡಿ ಹಸಿರಾಗಿ ಕೂತಿತ್ತು. ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್‌ನಲ್ಲಿ ಹಿಂದಿನ ದಿನ ಸೇರಿದ್ದು ಒಂದೇ ಸಾಲು, ಬಾಡಿಗೆಯ ಮೊತ್ತ ತಿದ್ದಿದ್ದು.

ಕಾರಣ ಸಿಕ್ಕಿದ್ದು ನಾಲ್ಕು ಗಂಟೆಯ ನಂತರ. ತಪ್ಪು ಪೂರ್ತಿ ನನ್ನದೇ.

ಆರು ವೆಬ್ ಪ್ರಾಜೆಕ್ಟ್‌ಗಳನ್ನು ಒಬ್ಬನೇ ನೋಡಿಕೊಳ್ಳುತ್ತೇನೆ. ಕೋಡಿನ ತಪ್ಪು, ಶೈಲಿಗಳನ್ನು ನಿಯಮಗಳ ಪ್ರಕಾರ ತಪಾಸಣೆ ಮಾಡುವ ಸಾಧನ ಇಎಸ್‌ಲಿಂಟ್. ಪ್ರತಿಯೊಂದಕ್ಕೂ ಅದರ ಕಾನ್ಫಿಗ್ ನಕಲಿಸಿ ಬೇಸತ್ತು, ನನ್ನ ಎಲ್ಲ ನಿಯಮಗಳನ್ನೂ ಒಂದು ಎನ್‌ಪಿಎಂ ಪ್ಯಾಕೇಜ್ (ಯಾವ ಪ್ರಾಜೆಕ್ಟ್ ಬೇಕಾದರೂ ತರಿಸಿಕೊಳ್ಳಬಹುದಾದ ಕೋಡಿನ ಕಟ್ಟು) ಮಾಡಿ ಇಟ್ಟೆ. ಇಲ್ಲಿಯವರೆಗೆ ಸರಿಯೇ. ಆದರೆ ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಅದರ ಆವೃತ್ತಿಯ ಜಾಗದಲ್ಲಿ "ಲೇಟೆಸ್ಟ್" ಎಂದು ಬರೆದೆ. ಯಾವ ಪ್ಯಾಕೇಜ್‌ನ ಯಾವ ಆವೃತ್ತಿ ಎಂದು ಬರೆದಿಡುವ ಲಾಕ್‌ಫೈಲ್ ಪದೇ ಪದೇ ಕಿರಿಕಿರಿ ಮಾಡುತ್ತದೆಂದು ಅದನ್ನು ಗಿಟ್‌ನಿಂದ ಹೊರಗಿಟ್ಟೆ. ಇವೆರಡಕ್ಕೂ ಕಳಶವಿಟ್ಟಂತೆ, ಕೋಡನ್ನು ಪ್ರಕಟಣೆಗೆ ಸಿದ್ಧಗೊಳಿಸುವ ಬಿಲ್ಡ್ ಸ್ಕ್ರಿಪ್ಟ್‌ನಲ್ಲೇ ಇಎಸ್‌ಲಿಂಟ್‌ನ "ಫಿಕ್ಸ್" ಆಯ್ಕೆಯನ್ನು ಸೇರಿಸಿದೆ. ಅಂದರೆ ಬಿಲ್ಡ್ ಸರ್ವರ್ ಹೊಸ ನಿಯಮಗಳನ್ನು ತಾನೇ ತರಿಸಿಕೊಂಡು, ಕೋಡನ್ನು ತಾನೇ ತಿದ್ದಿ, ಹಾಗೆಯೇ ಪ್ರಕಟಿಸುತ್ತಿತ್ತು. ಆ ತಿದ್ದುಪಡಿ ಗಿಟ್‌ನಲ್ಲಿ ಎಲ್ಲಿಯೂ ಇರುವುದಿಲ್ಲ! ನನ್ನ ಯಂತ್ರದಲ್ಲಿ ಹಳೆಯ ಆವೃತ್ತಿ ಹಾಗೇ ಇದ್ದುದರಿಂದ ಅಲ್ಲಿ ಏನೂ ಗೊತ್ತಾಗಲಿಲ್ಲ.

ಆ ವಾರ ಪ್ಯಾಕೇಜ್‌ನ 1.5.0ಕ್ಕೆ ಸೇರಿಸಿದ್ದು ಇಂಪೋರ್ಟ್ ಸಾಲುಗಳನ್ನು, ಅಂದರೆ ಬೇರೆ ಫೈಲ್‌ಗಳನ್ನು ತರಿಸುವ ಸಾಲುಗಳನ್ನು, ಜೋಡಿಸುವ ಒಂದು ಜನಪ್ರಿಯ ಪ್ಲಗಿನ್. ಹೆಸರು ಕೊಡದೆ ಫೈಲನ್ನು ಹಾಗೆಯೇ ಎಳೆದುಕೊಳ್ಳುವ ಇಂಪೋರ್ಟ್‌ಗಳನ್ನು ಅದು ಎಲ್ಲಕ್ಕಿಂತ ಮೇಲಕ್ಕೆ ಒಯ್ಯುತ್ತದೆ. ಪುಟದ ಬಣ್ಣ, ರೂಪ ಹೇಳುವ ಸಿಎಸ್‌ಎಸ್ ಫೈಲ್‌ಗಳನ್ನು ನಾವು ತರಿಸುವುದು ಹಾಗೆಯೇ ಅಲ್ಲವೇ? ನನ್ನ ಪುಟದಲ್ಲಿ ಮೊದಲು ತನ್ನದೇ ಸಿಎಸ್‌ಎಸ್ ಹೊತ್ತ ಗುಂಡಿಯ ಕಾಂಪೊನೆಂಟ್, ಕೆಳಗೆ ಪುಟದ ಸಿಎಸ್‌ಎಸ್ ಇತ್ತು. ಗುಂಡಿಯ ಮೂಲ ಹಿನ್ನೆಲೆ ಬಿಳಿ, ಪುಟ ಅದನ್ನು ಹಸಿರು ಮಾಡುತ್ತಿತ್ತು. ಸಿಎಸ್‌ಎಸ್‌ನಲ್ಲಿ ಎರಡು ನಿಯಮಗಳ ತೂಕ ಸಮವಾಗಿದ್ದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ಸಾಲುಗಳು ಅದಲುಬದಲಾಗಿ ಬಿಳಿ ಗೆದ್ದಿತು. ಅಕ್ಷರಕ್ಕೆ ಬಿಳಿ ಬಣ್ಣ ಕೊಟ್ಟಿದ್ದ ನಿಯಮದ ತೂಕ ಹೆಚ್ಚಿದ್ದುದರಿಂದ ಅದು ಮಾತ್ರ ಉಳಿಯಿತು. ಬಿಳಿಯ ಮೇಲೆ ಬಿಳಿ. ಗುಂಡಿ ಅಲ್ಲೇ ಇತ್ತು, ಕುರುಡಾಗಿ ಒತ್ತಿದ್ದರೆ ಕೆಲಸವನ್ನೂ ಮಾಡುತ್ತಿತ್ತು.

"ಲೇಟೆಸ್ಟ್" ಬದಲು ಕ್ಯಾರೆಟ್ ಚಿಹ್ನೆ (^, ಮೊದಲ ಅಂಕಿ ಬದಲಾಗದ ಹೊಸ ಆವೃತ್ತಿಗಳನ್ನು ಒಪ್ಪುವಂಥದ್ದು) ಹಾಕಿದ್ದರೂ ಲಾಕ್‌ಫೈಲ್ ಇಲ್ಲದೆ 1.4.2 ಇದ್ದಲ್ಲಿ 1.5.0 ಬಂದೇ ಬರುತ್ತಿತ್ತು. ನಡುವಿನ ಅಂಕಿ ಮಾತ್ರ ಏರುವ ಕಿರು ಆವೃತ್ತಿಯಲ್ಲೂ ಹೊಸ ದೋಷಗಳು ವರದಿಯಾಗಬಹುದು, ಆದ್ದರಿಂದ ಟಿಲ್ಡೆ (~, ಕೊನೆಯ ಅಂಕಿ ಮಾತ್ರ ಬದಲಾಗಲು ಬಿಡುವಂಥದ್ದು) ಬಳಸಿ ಎಂದು ಇಎಸ್‌ಲಿಂಟ್‌ನವರೇ ತಮ್ಮ ಆವೃತ್ತಿ ನೀತಿಯಲ್ಲಿ ಬರೆದಿದ್ದಾರೆ. ನಾನು ಓದಿದ್ದು ಪೆಟ್ಟು ತಿಂದ ಮೇಲೆ. ಕೋಡಿನ ಬರಹವನ್ನು ಓರಣಗೊಳಿಸುವ ಸಾಧನ ಪ್ರೆಟಿಯರ್ 2023ರಲ್ಲಿ 3.0 ತಂದಾಗ, ಸಾಲಿನ ಕೊನೆಯ ಅಲ್ಪವಿರಾಮದ ಪೂರ್ವನಿಗದಿತ ಆಯ್ಕೆಯೇ ಬದಲಾಯಿತು. ಅದು ಬರೀ ಡಿಫ್ (ಬದಲಾದ ಸಾಲುಗಳ ಪಟ್ಟಿ) ತುಂಬಿಸುವ ಕಾಟ, ಗುಂಡಿಯನ್ನೇನೂ ನುಂಗುವುದಿಲ್ಲ.

ಇದಾಗಿ ಎರಡು ತಿಂಗಳಿಗೆ, 2025ರ ಜುಲೈನಲ್ಲಿ, ಈ ಎರಡು ಸಾಧನಗಳ ನಿಯಮಗಳು ತಿಕ್ಕಾಡದಂತೆ ಮಾಡುವ ಇಎಸ್‌ಲಿಂಟ್-ಕಾನ್ಫಿಗ್-ಪ್ರೆಟಿಯರ್ ಪ್ಯಾಕೇಜ್‌ನ ನಿರ್ವಾಹಕರು ನಕಲಿ ಮಿಂಚಂಚೆಗೆ ಮೋಸ ಹೋದರು. 10.1.6, 10.1.7 ಸೇರಿ ನಾಲ್ಕು ಆವೃತ್ತಿಗಳಲ್ಲಿ, ವಿಂಡೋಸ್ ಯಂತ್ರಗಳಲ್ಲಿ ಓಡುವ ದುಷ್ಟ ಕೋಡ್ ಹೊರಬಿತ್ತು. ನನ್ನ ಪ್ಯಾಕೇಜ್ ಅದನ್ನೇ ಅವಲಂಬಿಸಿದೆ. ಹಳೆಯ ಏರ್ಪಾಟು ಇದ್ದಿದ್ದರೆ ಆರು ಪ್ರಾಜೆಕ್ಟ್‌ಗಳೂ ಬಾಗಿಲು ತೆರೆದೇ ಕೂತಿರುತ್ತಿದ್ದವು.

ಈಗ ಆವೃತ್ತಿ ಸಂಖ್ಯೆಯನ್ನು ಚಿಹ್ನೆಯಿಲ್ಲದೆ ಬರೆಯುತ್ತೇನೆ. ಲಾಕ್‌ಫೈಲ್ ಗಿಟ್‌ನಲ್ಲಿದೆ, ಸರ್ವರ್‌ನಲ್ಲಿ ಲಾಕ್‌ಫೈಲ್‌ನಲ್ಲಿರುವ ಆವೃತ್ತಿಗಳನ್ನೇ ತರುವ "ಎನ್‌ಪಿಎಂ ಸಿಐ" ಮಾತ್ರ ಓಡುತ್ತದೆ. ಬಿಲ್ಡ್‌ನಲ್ಲಿ ತಪಾಸಣೆ ಉಂಟು, ತಿದ್ದುವ ಅಧಿಕಾರವಿಲ್ಲ. ಹೊಸ ನಿಯಮ ಬಂದರೆ ಒಂದೊಂದೇ ಪ್ರಾಜೆಕ್ಟ್‌ಗೆ ಕೈಯಾರೆ ತರುತ್ತೇನೆ, ತಿದ್ದುಪಡಿಗಳನ್ನು ಪ್ರತ್ಯೇಕ ಕಮಿಟ್‌ನಲ್ಲಿಟ್ಟು ಡಿಫ್ ಕಣ್ಣಾರೆ ಓದುತ್ತೇನೆ.

ಯಜಮಾನರಿಗೆ ಆ ತಿಂಗಳ ನಿರ್ವಹಣಾ ಶುಲ್ಕ ಬಿಟ್ಟುಕೊಟ್ಟೆ. ಅವರ ಪ್ರಾಜೆಕ್ಟ್ ಇಂದಿಗೂ 1.4.2ರಲ್ಲೇ ಇದೆ. ಇಂಪೋರ್ಟ್‌ಗಳು ಚೆಲ್ಲಾಪಿಲ್ಲಿಯಾಗಿವೆ, ತೆರೆದಾಗಲೆಲ್ಲ ಕೈ ತುರಿಸುತ್ತದೆ. ಮುಟ್ಟಿಲ್ಲ.