ಎಕ್ಸ್100ವಿ ಜೊತೆಗೆ ಎರಡನೇ ಕ್ಯಾಮೆರಾ ಯಾವುದು? ನಾಲ್ಕನ್ನು ಬಳಸಿ ನೋಡಿದ ಮೇಲೆ

ನನ್ನ ಹತ್ತಿರ ಫ್ಯೂಜಿಫಿಲ್ಮ್ ಎಕ್ಸ್100ವಿ ಇದೆ. ಒಂದೇ ಲೆನ್ಸ್‌ನ ಕ್ಯಾಮೆರಾ. 23 ಮಿ.ಮೀ., ಎಫ್/2. ಎಫ್ ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ. ಫುಲ್ ಫ್ರೇಮ್ (ಹಳೆಯ ಫಿಲ್ಮ್ ಅಳತೆಯ ದೊಡ್ಡ ಸೆನ್ಸರ್) ಲೆಕ್ಕಕ್ಕೆ 35 ಮಿ.ಮೀ. ಆಗುತ್ತದೆ. ಈ ಸಂಖ್ಯೆ ಚಿಕ್ಕದಾದಷ್ಟು ಅಗಲ ಕಾಣುತ್ತದೆ, ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ. ಲೆನ್ಸ್ ಬಿಚ್ಚಲು ಬರುವುದಿಲ್ಲ, ಜೂಮ್ ಇಲ್ಲ. ಬ್ಯಾಟರಿ, ಕಾರ್ಡ್ ಸೇರಿ 478 ಗ್ರಾಂ. ಬೆಳಗ್ಗೆ ಹಾಲು ತರಲು ಹೋದಾಗಲೂ ಕೊರಳಲ್ಲಿ ಇರುತ್ತದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಭಾರ ಅನಿಸಿಲ್ಲ. ಇದನ್ನು ಕೊಟ್ಟು ಬೇರೆ ತಗೊಳ್ಳುವ ಮಾತೇ ಇಲ್ಲ.

ಆದರೆ ಇದೊಂದೇ ಸಾಲದು ಅನಿಸಿದ್ದು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ. ಜನವರಿಯ ಸಂಜೆ. ತೇರು ಹೊರಟಿತ್ತು. ನಾನು ಜನರ ನಡುವೆ ಇದ್ದೆ. ಸುತ್ತಲಿನವರ ಫೋಟೋ ತುಂಬಾ ಚೆನ್ನಾಗಿ ಬಂದವು. ಉತ್ತತ್ತಿ ಎಸೆಯುವ ಕೈಗಳು, ಅಪ್ಪನ ಹೆಗಲ ಮೇಲಿನ ಮಕ್ಕಳು, ಎಲ್ಲ ಸಿಕ್ಕವು. ಆದರೆ ಆಚೆ ಗುಡ್ಡದ ಬಂಡೆ ಮೇಲೆ ಒಬ್ಬ ಅಜ್ಜಿ ಒಬ್ಬರೇ ಕೂತು ತೇರಿಗೆ ಕೈ ಮುಗಿಯುತ್ತಿದ್ದರು. ಮನೆಗೆ ಬಂದು ನೋಡಿದರೆ ಫೋಟೋದಲ್ಲಿ ಅವರು ಎಳ್ಳಿನಷ್ಟು. ದೊಡ್ಡದು ಮಾಡಿದರೆ ಮುಖವೇ ಇಲ್ಲ.

ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿದೆ. ಎರಡನೇ ಕ್ಯಾಮೆರಾ ಹುಡುಕುವವರೆಲ್ಲ ಇದನ್ನು ಮಾಡಬೇಕು ಅಂತ ನನ್ನ ಆಸೆ. ಒಂದು ವರ್ಷದ ಫೋಟೋಗಳಲ್ಲಿ ನಾನು ಜಾಸ್ತಿ ಕ್ರಾಪ್ ಮಾಡಿದ್ದನ್ನು, ಅಂದರೆ ಅಂಚು ಕತ್ತರಿಸಿ ನಡುವಿನದನ್ನು ದೊಡ್ಡದು ಮಾಡಿದ್ದನ್ನು, ಒಂದು ಫೋಲ್ಡರ್‌ಗೆ ಹಾಕಿದೆ. ಅಗಲ ಸಾಲದೆ ಬಿಟ್ಟಿದ್ದನ್ನು ಇನ್ನೊಂದಕ್ಕೆ. ಎರಡನೇ ಫೋಲ್ಡರ್‌ನಲ್ಲಿ ಬಿದ್ದದ್ದು ಬೆರಳೆಣಿಕೆಯಷ್ಟು. ಮೊದಲನೆಯದು ತುಂಬಿಹೋಯಿತು. ಗುಡಿಯ ಶಿಖರ, ಗದ್ದೆಯಲ್ಲಿ ನಾಟಿ ಮಾಡುವವರು, ಹೊಳೆಯ ಆಚೆ ದಡದ ತೆಪ್ಪ, ಹಕ್ಕಿ. ನನಗೆ ಬೇಕಿದ್ದದ್ದು ದೂರ. ಅದುವರೆಗೆ ನಾನು ಅಗಲದ ಲೆನ್ಸ್‌ಗಳ ಬಗ್ಗೆಯೇ ಓದುತ್ತಿದ್ದೆ.

ಕ್ರಾಪ್ ಮಾಡಿದರೆ ಸಾಕಲ್ವಾ ಅಂತ ಕೇಳಬಹುದು. ಎಕ್ಸ್100ವಿ ಕೊಡುವುದು 26 ಮೆಗಾಪಿಕ್ಸೆಲ್. 70 ಮಿ.ಮೀ. ನೋಟಕ್ಕೆ ಕ್ರಾಪ್ ಮಾಡಿದರೆ ಉಳಿಯುವುದು ಕಾಲು ಭಾಗ, ಸುಮಾರು ಆರೂವರೆ ಮೆಗಾಪಿಕ್ಸೆಲ್. ಫೋನ್‌ನಲ್ಲಿ ನೋಡಲು ಸಾಕು. 140ಕ್ಕೆ ಹೋದರೆ ಅದರಲ್ಲೂ ಕಾಲು ಭಾಗ. ಅಲ್ಲಿಗೆ ಮುಗಿಯಿತು. ಇದೇ ಕ್ಯಾಮೆರಾ ಮುಂದೆ ತಿರುಗಿಸಿ ಹಾಕುವ ಟೆಲಿ ಕನ್ವರ್ಟರ್ ಕೂಡ ಸಿಗುತ್ತದೆ. ಅದನ್ನೂ ನೋಡಿದೆ. ಗಾಜು ಒಳ್ಳೆಯದೇ. ಆದರೆ 35 ಹೋಗಿ 50 ಆಗುತ್ತದೆ, ಅಷ್ಟೇ. ಆ ಅಜ್ಜಿಗೆ 50 ಎಲ್ಲಿ ಸಾಕು?

ಆಮೇಲೆ ನಾಲ್ಕು ಕ್ಯಾಮೆರಾ ಒಂದೊಂದಾಗಿ ತಂದು ಬಳಸಿದೆ. ಮೂರು ಕೈಗಡ, ಒಂದು ಬೆಂಗಳೂರಿನಿಂದ ಬಾಡಿಗೆಗೆ. ಎಲ್ಲದಕ್ಕೂ ಒಂದೇ ನಿಯಮ. ಎಕ್ಸ್100ವಿ ಕೊರಳಲ್ಲಿ ಇರಲೇಬೇಕು, ಹೊಸದು ಅದರ ಪಕ್ಕ ಬರಬೇಕು. ಹೊಸದು ಬಂತು ಅಂತ ಹಳೆಯದು ಮನೆಯಲ್ಲಿ ಉಳಿದರೆ ಅದು ಎರಡನೇ ಕ್ಯಾಮೆರಾ ಅಲ್ಲ.

ಮೊದಲು ಬಂದದ್ದು ಚಿಕ್ಕಪ್ಪನ ಮಗನ ರಿಕೋ ಜಿಆರ್ 3. ಇದೂ ಒಂದೇ ಲೆನ್ಸ್‌ನದು, 28 ಮಿ.ಮೀ. ನೋಟ, ಎಫ್/2.8. ತೂಕ 257 ಗ್ರಾಂ. ಅಂಗಿ ಜೇಬಲ್ಲಿ ಕೂರುತ್ತದೆ. ಅದನ್ನು ರಾಯಚೂರು ಕೋಟೆಗೆ ಒಯ್ದೆ. ಅಲ್ಲಿ ಗೋಡೆಯಲ್ಲಿ 1294ರ ಶಾಸನ ಇರುವ ಒಂದು ಕಲ್ಲು ಇದೆ. ಉದ್ದ 40 ಅಡಿ ದಾಟುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಕೋಣಗಳು ಎಳೆಯುವ ಬಂಡಿಯಲ್ಲಿ ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಹಿಂದೆ ಸರಿಯಲು ಜಾಗ ಇಲ್ಲದ ಕಡೆ 28 ಕೆಲಸಕ್ಕೆ ಬರುತ್ತದೆ. 35ಕ್ಕೆ ಮೂಲೆಯಿಂದ ಮೂಲೆಗೆ ಸುಮಾರು 63 ಡಿಗ್ರಿ ಕಂಡರೆ 28ಕ್ಕೆ 75 ಕಾಣುತ್ತದೆ. ಹತ್ತಿರ ಹೋಗಿ ಕಲ್ಲಿನ ಅಕ್ಷರ ತೆಗೆಯಲು ಅದರ ಮ್ಯಾಕ್ರೋ ನನ್ನದಕ್ಕಿಂತ ಚೆನ್ನಾಗಿತ್ತು. ದೂರ ಮೊದಲೇ ಗೊತ್ತು ಮಾಡಿಟ್ಟು, ಫೋಕಸ್‌ಗೆ ಕಾಯದೆ ಒತ್ತುವ ಸ್ನ್ಯಾಪ್ ಫೋಕಸ್ ಅನ್ನುವುದು ಒಂದಿದೆ. ಬಸ್ ಸ್ಟ್ಯಾಂಡ್ ಬದಿಯಲ್ಲಿ ಅದು ಬಹಳ ಹಿಡಿಸಿತು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ನಮ್ಮ ಬಿಸಿಲಲ್ಲಿ ಹಿಂದಿನ ಪರದೆ ನೋಡಿ ಫೋಟೋ ತೆಗೆಯುವುದು ಸುಲಭ ಅಲ್ಲ.

ಎರಡು ವಾರ ಆದಮೇಲೆ ಎರಡೂ ಕ್ಯಾಮೆರಾದ ಫೋಟೋ ಅಕ್ಕಪಕ್ಕ ಇಟ್ಟು ನೋಡಿದೆ. ಹತ್ತರಲ್ಲಿ ಎಂಟನ್ನು ಎರಡು ಹೆಜ್ಜೆ ಹಿಂದೆ ಮುಂದೆ ನಡೆದು ಎಕ್ಸ್100ವಿಯಲ್ಲೇ ತೆಗೆಯಬಹುದಿತ್ತು. ಎರಡೂ ಒಂದೇ ಕೆಲಸಕ್ಕೆ ಬಂದ ಅಣ್ಣತಮ್ಮಂದಿರು. ಹಾಗಂತ ಜಿಆರ್ ಕಡಿಮೆ ಅಲ್ಲ. ಒಂದೇ ಕ್ಯಾಮೆರಾ ಸಾಕು ಅನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಎರಡನೆಯದು ನಿಕಾನ್ ಪಿ950. ಗಂಗಾವತಿಯಲ್ಲಿ ಹಕ್ಕಿ ನೋಡುವ ಹುಚ್ಚಿನ ಒಬ್ಬ ಮೇಷ್ಟ್ರು ಇದ್ದಾರೆ. ಅವರದ್ದು. 24ರಿಂದ 2000 ಮಿ.ಮೀ.ವರೆಗೆ ಒಂದೇ ಜೂಮ್, 83 ಪಟ್ಟು. ತೂಕ ಒಂದು ಕಿಲೋ. ಅದನ್ನು ಹಿಡಿದು ದರೋಜಿ ಕರಡಿಧಾಮಕ್ಕೆ ಹೋದೆ.

ದರೋಜಿಗೆ ಹೋಗದವರಿಗೆ ಸ್ವಲ್ಪ ಹೇಳುತ್ತೇನೆ. 1994ರಲ್ಲಿ ಕರಡಿಗಳಿಗಾಗಿಯೇ ಮಾಡಿದ ಧಾಮ. ಬಂಡೆ ಗುಡ್ಡ, ಕುರುಚಲು ಕಾಡು. ಮಧ್ಯಾಹ್ನ ಕಾವಲುಗಾರರು ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚಿ ಬರುತ್ತಾರೆ. ನಾವು ವಾಚ್ ಟವರ್ ಮೇಲೆ ಕೂತು ಕಾಯಬೇಕು. ಮೊದಲು ನವಿಲು ಬರುತ್ತವೆ, ಮುಂಗುಸಿ ಬರುತ್ತವೆ. ನನಗೆ ತಾಳ್ಮೆ ತಪ್ಪುತ್ತಿತ್ತು. ಕಾವಲುಗಾರ ಅಣ್ಣ, "ಸುಮ್ಕ ಕೂಡ್ರಿ ಸರ, ತಮ್ಮ ಟೈಮಿಗೆ ತಾವ ಬರ್ತಾವ" ಅಂದರು. ಬಂದವು. ತಾಯಿ ಕರಡಿ, ಬೆನ್ನ ಮೇಲೆ ಮರಿ.

ಎಕ್ಸ್100ವಿಯಲ್ಲಿ ಬಂಡೆ ಮೇಲೆ ಒಂದು ಕರಿ ಚುಕ್ಕೆ. ಪಿ950 ಜೂಮ್ ಎಳೆದರೆ ಮೂಗಿನ ಹೊಳ್ಳೆ, ಎದೆಯ ಬಿಳಿ ಪಟ್ಟೆ, ಬೆಲ್ಲ ಕೆರೆಯುವ ಉದ್ದ ಉಗುರು. ನಾನು ಆ ಕ್ಷಣ ಅಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ, ಇದೇ ಬೇಕು ಅಂತ. ಬಿಸಿಲು ಇರುವವರೆಗೂ ಆ ತೀರ್ಮಾನ ಸರಿಯಾಗಿತ್ತು.

ಆದರೆ ಕರಡಿ ಚೆನ್ನಾಗಿ ಓಡಾಡುವುದು ಬಿಸಿಲು ಇಳಿದ ಮೇಲೆ. ಪೂರ್ತಿ ಜೂಮ್‌ನಲ್ಲಿ ಆ ಲೆನ್ಸ್ ಎಫ್/6.5. ಸೆನ್ಸರ್ 1/2.3 ಇಂಚಿನದು. ನನ್ನ ಎಕ್ಸ್100ವಿಯ ಎಪಿಎಸ್-ಸಿ ಸೆನ್ಸರ್ ಅದಕ್ಕಿಂತ ಸುಮಾರು 13 ಪಟ್ಟು ದೊಡ್ಡದು. ಬೆಳಕು ಬೀಳುವ ಜಾಗವೇ ಅಷ್ಟು ಚಿಕ್ಕದಾದರೆ ಸಂಜೆ ಅದಕ್ಕೆ ಏನು ಸಿಗುತ್ತದೆ? ಕಡಿಮೆ ಬೆಳಕಲ್ಲೂ ಫೋಟೋ ಬೆಳಗಿಸುವ ಐಎಸ್‌ಒ ಸೆಟ್ಟಿಂಗ್ ಅನ್ನು 1600ಕ್ಕೆ ಏರಿಸಿದೆ. ಕರಡಿಯ ಕೂದಲೆಲ್ಲ ಒಂದಕ್ಕೊಂದು ಅಂಟಿ ಮಸಿ ಬಳಿದ ಹಾಗೆ ಆಯಿತು. ಇನ್ನೊಂದು ವಿಷಯ. ಫ್ರೇಮ್ ತುಂಬ ಕರಿ ಕರಡಿಯೇ ಇದ್ದರೆ ಯಾವ ಕ್ಯಾಮೆರಾ ಆದರೂ ಅದನ್ನು ಬೂದು ಬಣ್ಣ ಮಾಡಲು ನೋಡುತ್ತದೆ. ಎಕ್ಸ್‌ಪೋಶರ್ (ಫೋಟೋಗೆ ಬೀಳುವ ಬೆಳಕು) ಅರ್ಧದಿಂದ ಒಂದು ಸ್ಟಾಪ್ ಇಳಿಸಿ. ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ. ಕರಡಿ ಕಪ್ಪಾಗಿಯೇ ಉಳಿಯುತ್ತದೆ, ಶಟರ್ ವೇಗವೂ ಸ್ವಲ್ಪ ಜಾಸ್ತಿ ಸಿಗುತ್ತದೆ.

ಮೂರನೆಯದು ಮದುವೆ ಫೋಟೋ ತೆಗೆಯುವ ಗೆಳೆಯನ ನಿಕಾನ್ ಡಿ750, ಜೊತೆಗೆ 85 ಮಿ.ಮೀ. ಎಫ್/1.8. 2014ರ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಹಾಕಿದ ದುಡ್ಡಿಗೆ ಇಷ್ಟು ಕೊಡುವ ಕ್ಯಾಮೆರಾ ಅಪರೂಪ. ಅದನ್ನು ಕಿನ್ನಾಳಕ್ಕೆ ಒಯ್ದೆ. ಚಿತ್ರಗಾರರ ಮನೆಗಳಲ್ಲಿ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಹಾಕಿ, ಬಣ್ಣ ಬಳಿದು ಬೊಂಬೆ ಮಾಡುತ್ತಾರೆ. ಕಿಟಕಿ ಬೆಳಕಲ್ಲಿ ಒಬ್ಬ ಅಜ್ಜ ಗೌರಿ ಬೊಂಬೆಗೆ ಕಣ್ಣು ಬರೆಯುತ್ತಿದ್ದರು. ಈ ಇಡೀ ಪ್ರಯೋಗದಲ್ಲಿ ತೆಗೆದ ಅತಿ ಚೆಂದದ ಮುಖದ ಫೋಟೋ ಅದೇ. ಇದನ್ನು ಒಪ್ಪಿಕೊಳ್ಳಲೇಬೇಕು. ಅಜ್ಜನ ಕಣ್ಣು, ಬೊಂಬೆಯ ಕಣ್ಣು ಎರಡೇ ಚೂಪಾಗಿ ನಿಂತು ಉಳಿದದ್ದೆಲ್ಲ ಬೆಣ್ಣೆ ಹಾಗೆ ಕರಗಿತ್ತು.

ನಾನು ಅದಕ್ಕೂ ಮೊದಲು ಎಷ್ಟೋ ಸಲ ಎಕ್ಸ್100ವಿ ಹಿಡಿದು ಅವರ ಮನೆಗೆ ಹೋಗಿದ್ದೆ. ಲೆನ್ಸ್ ಒಳಗೇ ಇರುವ ಅದರ ಲೀಫ್ ಶಟರ್‌ಗೆ ಸದ್ದೇ ಇಲ್ಲ. ಡಿ750ರ ಕನ್ನಡಿ ಆ ಸಣ್ಣ ಕೋಣೆಯಲ್ಲಿ ಪ್ರತಿ ಸಲ ಟಕ್ ಅನ್ನುತ್ತಿತ್ತು. ಅಜ್ಜ ಕುಂಚ ಕೆಳಗಿಟ್ಟು, "ತಮ್ಮಾ, ಸಣ್ಣದು ತಂದಾಗ ಮಾತಾಡಕೋತ ತೆಗೀತಿದ್ದಿ. ಇವತ್ತ ನೀ ಮಾತ ಆಡವಲ್ಲಿ" ಅಂದರು. ಅದು ನಿಜ. ಎಕ್ಸ್100ವಿ ಅವತ್ತು ಬ್ಯಾಗ್‌ನಿಂದ ಹೊರಗೆ ಬಂದಿರಲೇ ಇಲ್ಲ. ನನ್ನ ನಿಯಮ ನಾನೇ ಮುರಿದಿದ್ದೆ. ಅದರ ಮೇಲೆ 85 ಅನ್ನುವುದು 35ರ ಎರಡೂವರೆ ಪಟ್ಟೂ ಇಲ್ಲ. ಕ್ರಾಪ್ ಫೋಲ್ಡರ್‌ನ ಬಹುಪಾಲು ಫೋಟೋಗೆ ಅದು ಸಾಲುವುದಿಲ್ಲ.

ಕೊನೆಗೆ ಬಾಡಿಗೆಗೆ ತಂದದ್ದು ಫ್ಯೂಜಿಫಿಲ್ಮ್ ಎಕ್ಸ್-ಎಸ್10. ಮೇಲೆ 70-300 ಮಿ.ಮೀ., ಎಫ್/4-5.6 ಲೆನ್ಸ್. ಫುಲ್ ಫ್ರೇಮ್ ಲೆಕ್ಕಕ್ಕೆ ಹತ್ತಿರ ಹತ್ತಿರ 105ರಿಂದ 450. ಬಾಡಿ 465, ಲೆನ್ಸ್ 580 ಗ್ರಾಂ. ಅಂದರೆ ಇದೂ ಒಂದು ಕಿಲೋ ದಾಟುತ್ತದೆ. ತೂಕದಲ್ಲಿ ಪಿ950ಗಿಂತ ಏನೂ ಲಾಭ ಇಲ್ಲ.

ಲಾಭ ಬೇರೆ ಕಡೆ ಇದೆ. ಎಕ್ಸ್100ವಿಗೂ ಇದಕ್ಕೂ ಒಂದೇ ಬ್ಯಾಟರಿ, ಎನ್‌ಪಿ-ಡಬ್ಲ್ಯು126ಎಸ್. ಮನೆಯಲ್ಲಿದ್ದ ಮೂರು ಬ್ಯಾಟರಿ, ಒಂದು ಚಾರ್ಜರ್ ಎರಡಕ್ಕೂ ಆದವು. ಸೆನ್ಸರ್ ಒಂದೇ ಪೀಳಿಗೆಯದು, 26 ಮೆಗಾಪಿಕ್ಸೆಲ್. ಕ್ಲಾಸಿಕ್ ಕ್ರೋಮ್ ಅನ್ನುವ ಫ್ಯೂಜಿಯ ಬಣ್ಣದ ಸೆಟ್ಟಿಂಗ್ ಎರಡರಲ್ಲೂ ಇದೆ. ಒಂದೇ ಜಾತ್ರೆಯ ಫೋಟೋಗಳನ್ನು ಅಕ್ಕಪಕ್ಕ ಇಟ್ಟರೆ ಮಣ್ಣಿನ ಕೆಂಪು, ರುಮಾಲಿನ ಹಳದಿ ಒಂದೇ ಥರ ಕಾಣುತ್ತವೆ. ಡಿ750 ಜೊತೆ ಬಣ್ಣ ಹೊಂದಿಸಲು ನಾನು ರಾತ್ರಿ ಕಳೆದಿದ್ದೆ. ಇಲ್ಲಿ ಆ ಕೆಲಸವೇ ಇಲ್ಲ.

ಅದನ್ನು ಇಟಗಿಯ ಮಹಾದೇವ ದೇವಾಲಯಕ್ಕೆ ಒಯ್ದೆ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಇದನ್ನು ದೇವಾಲಯ ಚಕ್ರವರ್ತಿ ಅಂತ ಕರೆಯುತ್ತದೆ. ಎಷ್ಟೋ ಸಲ ನೋಡಿದ ಗುಡಿ. ಆದರೆ ಶಿಖರದ ಮೇಲಿನ ಕೆತ್ತನೆಯನ್ನು ಸರಿಯಾಗಿ ನೋಡಿದ್ದು ಅವತ್ತೇ. ಕೆಳಗಿನಿಂದ ಬರೀ ಒರಟು ಕಲ್ಲಿನ ಹಾಗೆ ಕಾಣುತ್ತಿದ್ದ ಕಡೆ ಬಳ್ಳಿಯ ಒಂದೊಂದು ಸುರುಳಿ, ಕೀರ್ತಿಮುಖದ ಹಲ್ಲು ಕೂಡ ಎಣಿಸಬಹುದು. ಬೆಳಗ್ಗಿನ ಓರೆ ಬಿಸಿಲು ಇದ್ದರೆ ಇನ್ನೂ ಚೆಂದ. ಒಳಗೆ ಹೋದರೆ ಕತ್ತಲು, ಸಣ್ಣ ಜಾಗ. ಅಲ್ಲಿ ಎಕ್ಸ್100ವಿಯ ಎಫ್/2. ನೆಲದ ಮೇಲೆ ಅಂಗಾತ ಮಲಗಿ ಛಾವಣಿ ತೆಗೆದೆ. ಹೊರಗೆ ಒಂದು, ಒಳಗೆ ಒಂದು. ಒಂದರ ಕೆಲಸಕ್ಕೆ ಇನ್ನೊಂದು ಕೈ ಹಾಕಲಿಲ್ಲ. ಮೂರು ಕ್ಯಾಮೆರಾದಲ್ಲಿ ನಾನು ಹುಡುಕಿದ್ದು ಇದನ್ನೇ.

ಅಲ್ಲೇ ಒಂದು ನಿರ್ಧಾರ ಮಾಡಿದೆ. ಇದು ಲೆನ್ಸ್ ಬದಲಿಸುವ ಕ್ಯಾಮೆರಾ. ಆದರೆ ನಾನು ಬದಲಿಸುವುದಿಲ್ಲ. 70-300 ಒಮ್ಮೆ ಹಾಕಿದರೆ ಅದು ಅಲ್ಲೇ ಇರಬೇಕು. ನಮ್ಮ ಕಡೆ ಧೂಳು ಎಂಥದ್ದು ಅಂತ ಗೊತ್ತಲ್ಲ. ಸಂಡೂರು ಕಡೆಯ ಅದಿರಿನ ಕೆಂಪು ಪುಡಿ, ಎರೆ ಹೊಲದ ಧೂಳು, ಸುಗ್ಗಿಯಲ್ಲಿ ಭತ್ತದ ಹೊಟ್ಟು. ರಸ್ತೆ ಬದಿಯಲ್ಲಿ ನಿಂತು ಲೆನ್ಸ್ ಬಿಚ್ಚಿದರೆ ಸೆನ್ಸರ್ ಕಥೆ ಮುಗಿದ ಹಾಗೆ. ಎಕ್ಸ್-ಎಸ್10ರ ಬಾಡಿಯಲ್ಲಿ ಧೂಳು, ಮಳೆ ತಡೆಯುವ ಸೀಲ್ ಬೇರೆ ಇಲ್ಲ. ಲೆನ್ಸ್‌ಗೆ ಮಾತ್ರ ಇದೆ. ಬೈಕ್ ಮೇಲೆ ಹೋಗುವಾಗ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡುತ್ತೇನೆ.

ಬಾಡಿಗೆ ಮುಗಿಯುವ ಮೊದಲು ಇದನ್ನೂ ದರೋಜಿಗೆ ಒಯ್ದೆ. ಕರಡಿ ಪಿ950ನಷ್ಟು ದೊಡ್ಡದಾಗಿ ಬರಲಿಲ್ಲ. 450 ಎಲ್ಲಿ, 2000 ಎಲ್ಲಿ. ಆದರೆ ಐಎಸ್‌ಒ 3200ರಲ್ಲೂ ಕುತ್ತಿಗೆಯ ಒಂದೊಂದು ಕೂದಲು ಬೇರೆ ಬೇರೆ ಕಂಡಿತು. ಬಂಡೆಗಳು, ಕುರುಚಲು ಗಿಡ, ನಡುವೆ ತಾಯಿ, ಮರಿ. ಅದು ದರೋಜಿ ಅಂತ ಗೊತ್ತಾಗುವ ಫೋಟೋ. ಪಿ950ರಲ್ಲಿ ಕರಡಿ ಮಾತ್ರ ಇತ್ತು, ಊರು ಇರಲಿಲ್ಲ.

ಸೆಕೆಂಡ್ ಹ್ಯಾಂಡ್ ಬಾಡಿ ಕೊಂಡೆ. ಲೆನ್ಸ್ ಹೊಸದು. ಲೆನ್ಸ್‌ಗೆ ದುಡ್ಡು ಹಾಕಿ, ಬಾಡಿಯಲ್ಲಿ ಉಳಿಸಿ ಅಂತ ಗೆಳೆಯ ಹೇಳಿದ ಮಾತು ಸರಿ ಅನಿಸಿತು. ಈಗ ಎಡ ಭುಜಕ್ಕೆ ಉದ್ದನೆ ಪಟ್ಟಿಯಲ್ಲಿ ಅದು, ಕೊರಳಲ್ಲಿ ಎಕ್ಸ್100ವಿ. ಸಂತೆಗೆ, ಮದುವೆಗೆ, ಹೊಲಕ್ಕೆ ಹೋಗುವಾಗ ಎಷ್ಟೋ ಸಲ ದೊಡ್ಡದನ್ನು ಬಿಟ್ಟೇ ಹೋಗುತ್ತೇನೆ. ಅದರಿಂದ ಬೇಜಾರಿಲ್ಲ. ಚಿಕ್ಕದನ್ನು ಮಾತ್ರ ಬಿಟ್ಟು ಹೋಗಿಲ್ಲ.

ಈ ಚಳಿಗಾಲಕ್ಕೆ ಕಂಪ್ಲಿ ಕಡೆ ಹೊಳೆ ದಂಡೆಗೆ ಹೋಗಬೇಕು. ತುಂಗಭದ್ರೆಯ ಆ ಭಾಗ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ನೀರುನಾಯಿ ತಲೆ ಎತ್ತುವುದು ಒಂದೆರಡು ಸೆಕೆಂಡ್, ಅದೂ ನಡು ಹೊಳೆಯಲ್ಲಿ. ಅಲ್ಲಿಗೆ 300 ಸಾಲದೇ ಹೋಗಬಹುದು. ಮೇಷ್ಟ್ರಿಗೆ ಫೋನ್ ಮಾಡಿದ್ದೆ. ತಾವೂ ಬರುತ್ತಾರಂತೆ, ಪಿ950 ಜೊತೆಗೆ.