ಕಡಿಮೆ ದುಡ್ಡಿಗೆ ಮನೆ ಕ್ಯಾಮೆರಾ: ವೈಫೈಯದೋ, ಡಿವಿಆರ್ ಸೆಟ್ಟೋ?

ಮೈಸೂರಿನ ಬಾಡಿಗೆ ಮನೆಯ ಒಂದು ಬಾಗಿಲು ಕಾಯಲು 2 ಮೆಗಾಪಿಕ್ಸೆಲ್‌ನ ವೈಫೈ ಕ್ಯಾಮೆರಾ ಸಾಕು. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಆದರೆ ಕಡಿಮೆ ಬೆಲೆಯವು ಬಹುತೇಕ 2.4 ಗಿಗಾಹರ್ಟ್ಸ್ ವೈಫೈಯನ್ನಷ್ಟೇ ಹಿಡಿಯುತ್ತವೆ. ಅಗ್ರಹಾರದ ಹಳೇ ಮನೆಗಳ ದಪ್ಪ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಕೊಳ್ಳುವ ಮುಂಚೆ ಕ್ಯಾಮೆರಾ ಕೂರುವ ಜಾಗದಲ್ಲೇ ಮೊಬೈಲ್ ಹಿಡಿದು ವಿಡಿಯೊ ಓಡಿಸಿ ನೋಡಿ.

ಸ್ವಂತ ಮನೆ, ನಾಲ್ಕು ಕಡೆ ಕಣ್ಣು ಬೇಕು ಅಂದರೆ ವೈರಿನ ಡಿವಿಆರ್ (ಎಲ್ಲ ಕ್ಯಾಮೆರಾಗಳ ವಿಡಿಯೊ ಹಾರ್ಡ್‌ಡಿಸ್ಕ್‌ಗೆ ತುಂಬಿಸುವ ಪೆಟ್ಟಿಗೆ) ಸೆಟ್ಟೇ ಮೇಲು. ಒಂದು ಕ್ಯಾಮೆರಾ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವೇಗದಲ್ಲಿ ದಿನಪೂರ್ತಿ ರೆಕಾರ್ಡ್ ಮಾಡಿದರೆ ಸುಮಾರು 21 ಜಿಬಿ. ನಾಲ್ಕಿದ್ದರೆ 1 ಟಿಬಿ ಹಾರ್ಡ್‌ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ, ಹಳೆಯದು ಅಳಿಯತೊಡಗುತ್ತದೆ. ದಸರಾ ರಜಕ್ಕೆ ಊರಿಗೆ ಹೋಗಿ ಬರಲು ಇಷ್ಟು ಸಾಕು. ಕಂಪ್ಯೂಟರಿನ ಹಳೇ ಡಿಸ್ಕ್ ಮಾತ್ರ ಹಾಕಿಸಬೇಡಿ. ಹಗಲಿರುಳು ಬರೆಯುವ ಕೆಲಸಕ್ಕೆ ಅದು ಬಾಳದು.

ಅಡಾಪ್ಟರ್, ಕೇಬಲ್‌ನಲ್ಲಿ ಉಳಿತಾಯ ಬೇಡವೇ ಬೇಡ. ತಾಮ್ರದ ಲೇಪವಷ್ಟೇ ಇರುವ ತೆಳು ವೈರಿನಲ್ಲಿ 12 ವೋಲ್ಟ್ ದೂರ ಹೋದಂತೆಲ್ಲ ಇಳಿಯುತ್ತದೆ. ಹಗಲು ಚಿತ್ರ ಚೆನ್ನಾಗಿಯೇ ಇರುತ್ತದೆ. ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತಿ ಕರೆಂಟ್ ಜಾಸ್ತಿ ಎಳೆದಾಗ ಕ್ಯಾಮೆರಾ ಆರಿ ಆರಿ ಹತ್ತುತ್ತದೆ. ದೂರು ಕ್ಯಾಮೆರಾ ಮೇಲೆ, ತಪ್ಪು ವೈರಿನದು.

ಲೆನ್ಸ್ ಪಡಸಾಲೆಗೆ ಅಗಲ ನೋಟದ 2.8 ಮಿ.ಮೀ., ಗೇಟಿಗೆ ಕಿರಿದಾದರೂ ಹತ್ತಿರ ತೋರಿಸುವ 3.6. ಕ್ಯಾಮೆರಾವನ್ನು ಸಜ್ಜಾಗೆ ತೀರಾ ಒತ್ತಿ ಕೂರಿಸಿದರೆ ಇನ್‌ಫ್ರಾರೆಡ್ ಬೆಳಕು ಗೋಡೆಗೆ ಬಡಿದು ರಾತ್ರಿಯ ಚಿತ್ರ ಮಂಜಾಗುತ್ತದೆ. ಜೇಡರಬಲೆಯೂ ಅಷ್ಟೇ, ವಾರಕ್ಕೊಮ್ಮೆ ಒರೆಸಿ. ಫಿಟ್ಟಿಂಗ್ ಮಾಡಿದವರು ಹೊರಡುವ ಮುಂಚೆಯೇ ಪಾಸ್‌ವರ್ಡ್ ನೀವೇ ಬದಲಿಸಿ.